ಗೆದ್ದರೆ ಡೋನಟ್

ಗೆಲ್ಲುವ ಟೀಮಿನ ಅಭಿಮಾನಿಯಾಗೋದಕ್ಕೆ ಯಾವ ಯೋಗ್ಯತೆಯೂ ಬೇಕಾಗಿಲ್ಲ, ಒಂದು ಟೋಪಿ ಕೊಂಡುಕೊಂಡರೆ ಆಯಿತು. ಸೋಲುವ ಟೀಮಿನ ಅಭಿಮಾನಿಯಾಗೋದಕ್ಕೆ ಮಾತ್ರ ಒಂದು ಬಗೆಯ ಮಂಕುತನ ಬೇಕು, ಅದು ನನ್ನಲ್ಲಿ ಹುಟ್ಟಿನಿಂದಲೇ ಧಾರಾಳವಾಗಿದೆ. ಮೈಸೂರಿನಲ್ಲಿದ್ದಾಗ ನಾನು ಸೇರಿದ ಗಲ್ಲಿ ಕ್ರಿಕೆಟ್ ಟೀಮು ಒಂದೇ ಒಂದು ಮ್ಯಾಚು ಗೆದ್ದಿತ್ತು, ಅದೂ ಎದುರಿನವರು ಬರದೇ ಇದ್ದಿದ್ದಕ್ಕೆ. ಅಂಥವನು ಮಿಶಿಗನ್ನಿಗೆ ಬಂದು ಕ್ಯಾಂಟನ್ನಿನಲ್ಲಿ ಮನೆ ಮಾಡಿದ ಮೇಲೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಡೆಟ್ರಾಯಿಟ್ಟಿನ ಅಮೆರಿಕನ್ ಫುಟ್‌ಬಾಲ್ ಟೀಮಿಗೆ ಅಂಟಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನನ್ನ ಹೆಂಡತಿ ಶೈಲಜಾ ಹೇಳುವ ಹಾಗೆ, ಬೇರೆ ಗಂಡಸರು ಈ ದೇಶಕ್ಕೆ ಬಂದು ಬಿಯರ್ ಕಲಿಯುತ್ತಾರೆ, ನಾನು ಸೋಲೋದನ್ನು ನೋಡೋದು ಕಲಿತೆ. ಇಷ್ಟೇ ಆಗಿದ್ದರೆ ನಗಬಹುದಿತ್ತು. ಈಗ ಭಾನುವಾರಗಳಂದು ನಾನು ಮಾಡುವ ಕೆಲಸ ಇನ್ನೊಂದಿದೆ, ಅದನ್ನು ಶೈಲಜಾಗೂ ಹೇಳಿಲ್ಲ. ಅದಕ್ಕೆ ಬರುತ್ತೇನೆ, ಸ್ವಲ್ಪ ತಾಳಿ.

ಈ ರೋಗ ಅಂಟಿಸಿದವನು ಡೇವ್. ಸೌತ್‌ಫೀಲ್ಡಿನಲ್ಲಿ ಕಾರು ಕಂಪನಿಗಳಿಗೆ ಬಿಡಿಭಾಗಗಳ ಡಿಸೈನ್ ಮಾಡಿಕೊಡುವ ನಮ್ಮ ಆಫೀಸಿನಲ್ಲಿ ಅವನದು ನನ್ನ ಪಕ್ಕದ ಕ್ಯೂಬಿಕಲ್. ನನಗಿಂತ ಹದಿನೈದು ವರ್ಷ ದೊಡ್ಡವನು, ಕೆಲಸದಲ್ಲಿ ನನ್ನ ಕೈಕೆಳಗಿನವನು. ಕಾರಿನ ಬಾಗಿಲಿನ ಕೀಲುಗಳ ಬಗ್ಗೆ ಅವನಿಗೆ ಗೊತ್ತಿದ್ದಷ್ಟು ನನಗೆ ನನ್ನ ಸ್ವಂತ ಮೊಣಕಾಲಿನ ಬಗ್ಗೆ ಗೊತ್ತಿಲ್ಲ. ಅವನಪ್ಪ ಕಾರು ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ಪ್ರತಿ ಭಾನುವಾರ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಈ ಟೀಮಿನ ಆಟ ತೋರಿಸುತ್ತಿದ್ದನಂತೆ. "ಅಪ್ಪ ನನಗೆ ಮನೆ ಬಿಟ್ಟು ಹೋಗಲಿಲ್ಲ, ಕಾರು ಬಿಟ್ಟು ಹೋಗಲಿಲ್ಲ, ಇದನ್ನು ಬಿಟ್ಟು ಹೋದ," ಅನ್ನುತ್ತಿದ್ದ. ಅಷ್ಟು ಸೋತರೂ ಯಾಕೆ ಬಿಡಲ್ಲ ಮಾರಾಯ ಅಂತ ನಾನು ಒಮ್ಮೆ ಕೇಳಿದೆ. ಅವನು ಗಂಭೀರವಾಗಿ ಯೋಚಿಸಿ, "ನಾನು ಬಿಟ್ಟ ವರ್ಷವೇ ಗೆದ್ದುಬಿಟ್ಟರೆ?" ಅಂದ. ಅವನು ಹೇಳಿದ್ದು ಇಂಗ್ಲಿಷಿನಲ್ಲಿ. ಆದರೆ ಡೇವ್ ಆಡಿದ ಮಾತೆಲ್ಲ ನನಗೆ ಅದು ಹೇಗೋ ಕನ್ನಡದಲ್ಲೇ ನೆನಪಿದೆ.

ಎರಡು ಸಾವಿರದ ಎಂಟನೇ ಇಸವಿಯಲ್ಲಿ ಸೀಸನ್ ಶುರುವಾಗುವ ಮುಂಚೆ ಡೇವ್ ಕಾಫಿ ಮೆಷಿನ್ ಹತ್ತಿರ ನಿಂತು ಎಲ್ಲರಿಗೂ ಕೇಳುವ ಹಾಗೆ ಮಾತು ಕೊಟ್ಟ. ನಮ್ಮ ಟೀಮು ಗೆದ್ದ ಮಾರನೇ ದಿನ, ಅಂದರೆ ಸೋಮವಾರ ಬೆಳಿಗ್ಗೆ, ಇಡೀ ಫ್ಲೋರಿಗೆ ತಲೆಗೊಂದು ಡೋನಟ್ ತರುತ್ತೇನೆ ಅಂತ. ಆಗ ನಾವು ನಲವತ್ತೆರಡು ಜನ ಇದ್ದೆವು. ಒಂದು ಹಳದಿ ಚೀಟಿಯ ಮೇಲೆ ನಲವತ್ತೆರಡು ಅಂತ ಬರೆದು ತನ್ನ ಮಾನಿಟರಿಗೆ ಅಂಟಿಸಿಕೊಂಡ. ಟೀಮು ಮೊದಲ ವಾರ ಸೋತಿತು. ಎರಡನೇ ವಾರ, ಮೂರನೇ ವಾರವೂ ಸೋತಿತು. ಅಷ್ಟರಲ್ಲಿ ನ್ಯೂಯಾರ್ಕಿನ ಯಾವುದೋ ಬ್ಯಾಂಕು ಮುಳುಗಿತು, ಅದರ ಹಿಂದೆಯೇ ಜನ ಕಾರು ಕೊಳ್ಳುವುದನ್ನು ನಿಲ್ಲಿಸಿದರು, ನಮ್ಮ ಆಫೀಸಿನಲ್ಲಿ ಗುರುವಾರ ಗುರುವಾರ ಕೆಲವರನ್ನು ಕೆಳಗಿನ ಮೀಟಿಂಗ್ ರೂಮಿಗೆ ಕರೆಯೋದು ಶುರುವಾಯಿತು. ಹೋದವರು ಮೇಲೆ ಬರುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಡೇವ್ ಕಾಫಿ ಕಪ್ಪು ಹಿಡಿದು ಫ್ಲೋರಿಗೆ ಒಂದು ಸುತ್ತು ಹಾಕಿ, ತಲೆ ಎಣಿಸಿ, ಹಳದಿ ಚೀಟಿಯ ಮೇಲಿನ ಸಂಖ್ಯೆ ಹೊಡೆದು ಹೊಸದನ್ನು ಬರೆಯುತ್ತಿದ್ದ. ಮೂವತ್ತೆಂಟು. ಮೂವತ್ತನಾಲ್ಕು. "ಇವರು ಬೇಗ ಗೆಲ್ಲಬೇಕು ಮೂರ್ತಿ. ಹೀಗೇ ಆದರೆ ಒಂದು ಡಬ್ಬದಲ್ಲಿ ಮುಗಿದುಹೋಗುತ್ತೆ," ಅನ್ನುತ್ತಿದ್ದ.

ನಮ್ಮ ಟೀಮು ಸೋಲುತ್ತಿದ್ದ ಬಗೆಯೂ ಹೇಳುವಂಥದ್ದೇ. ನಮ್ಮ ಆಟಗಾರನೊಬ್ಬ ಎದುರಿನವರಿಂದ ತಪ್ಪಿಸಿಕೊಂಡು ಓಡುತ್ತಾ ಓಡುತ್ತಾ ತಾನೇ ನಮ್ಮ ಕಡೆಯ ಕೊನೆಯ ಗೆರೆ ದಾಟಿ ಮೈದಾನದ ಹೊರಗೆ ಹೋಗಿ, ಅವರಿಗೆ ಪಾಯಿಂಟು ಕೊಟ್ಟುಬಿಟ್ಟ. ಅದು ಅವನಿಗೆ ಗೊತ್ತೇ ಆಗಿರಲಿಲ್ಲ, ಪಾಪ. ಸ್ಟೇಡಿಯಮ್ಮಿಗೆ ಬರುವವರು ಮುಖ ಕಾಣದಿರಲಿ ಅಂತ ದಿನಸಿ ಅಂಗಡಿಯ ಕಂದು ಬಣ್ಣದ ಕಾಗದದ ಚೀಲಕ್ಕೆ ಕಣ್ಣಿನ ಹತ್ತಿರ ತೂತು ಮಾಡಿ ತಲೆಗೆ ಹಾಕಿಕೊಂಡು ಕೂರುತ್ತಿದ್ದರು. ಆಮೇಲೆ ಅವರೂ ಬರೋದು ಬಿಟ್ಟರು. ಟಿಕೆಟ್ಟೆಲ್ಲ ಖರ್ಚಾಗದಿದ್ದರೆ ಆ ಆಟವನ್ನು ಊರಿನ ಟೀವಿಯಲ್ಲಿ ತೋರಿಸುವಂತಿಲ್ಲ ಅಂತ ಆಗ ಒಂದು ನಿಯಮವಿತ್ತು. ಹೀಗಾಗಿ ನಮ್ಮ ಟೀಮು ಸೋಲೋದನ್ನು ನೋಡುವ ಭಾಗ್ಯವೂ ನಮಗಿಲ್ಲದೆ, ನಾನು ಗರಾಜಿನಲ್ಲಿ ಕಾರಿನ ರೇಡಿಯೋ ಹಾಕಿಕೊಂಡು ಕೂತು ಕೇಳಿದ್ದೂ ಉಂಟು. "ಬ್ಯಾಟರಿ ಡೌನ್ ಆದ್ರೆ ನಾಳೆ ಆಫೀಸಿಗೆ ಹೇಗ್ರೀ ಹೋಗ್ತೀರಾ? ಅಲ್ಲಿ ಕೆಲಸ ಇನ್ನೂ ಇದೆ ತಾನೆ?" ಅಂತ ಶೈಲಜಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಎರಡನೇ ಪ್ರಶ್ನೆಯನ್ನು ತಮಾಷೆಗೆ ಕೇಳಿದಳೋ ನಿಜವಾಗಿ ಕೇಳಿದಳೋ ಅಂತ ತಿರುಗಿ ನೋಡುವ ಧೈರ್ಯ ನನಗೆ ಇರಲಿಲ್ಲ. ಇದು ಸಾಲದು ಅಂತ ನೇಪರ್‌ವಿಲ್ಲಿನಿಂದ ನನ್ನ ಷಡ್ಡಕ ನಾಗರಾಜ ಫೋನ್ ಮಾಡುತ್ತಿದ್ದ. ಅವನದು ಶಿಕಾಗೋ ಟೀಮು. "ಏನಪ್ಪಾ, ನಿಮ್ಮೋರು ಇವತ್ತು ಆಡೋಕಾದ್ರೂ ಬಂದಿದ್ರಾ?" ಅಂತ ಶುರುಮಾಡಿದರೆ ಅರ್ಧ ಗಂಟೆ. ಆ ವರ್ಷ ಎಲ್ಲರ ಮನೆಯ ಹಾಗೆ ಅವನ ಮನೆಯ ಬೆಲೆಯೂ ಬಿದ್ದಿತ್ತು, ಆದರೆ ಟೀಮು ಗೆಲ್ಲುತ್ತಿದ್ದರೆ ಮನುಷ್ಯನಿಗೆ ಅದೆಲ್ಲ ಅಷ್ಟಾಗಿ ತಿಳಿಯೋದಿಲ್ಲ.

ಅಕ್ಟೋಬರಿನಲ್ಲಿ ನಮ್ಮ ತಂದೆಯ ತಿಥಿ ಬಂತು. ಅಮೆರಿಕದಲ್ಲಿ ತಿಥಿ ಕೂಡ ಪಂಚಾಂಗ ಬಿಟ್ಟು ವೀಕೆಂಡಿಗೆ ಸರಿಯುತ್ತದೆ. ಭಾನುವಾರ ಪುರೋಹಿತರು ಬಂದು ಮಾಡಿಸಿಕೊಟ್ಟು ಹೋದರು. ಹಿತ್ತಲಿನ ಮರದ ಡೆಕ್ ಮೇಲೆ ಇಟ್ಟ ಪಿಂಡಕ್ಕೆ ಕಾಗೆ ಬರಲಿಲ್ಲ, ಅಳಿಲು ಬಂತು. "ನಡೆಯುತ್ತೆ ಬಿಡಿ," ಅಂದರು ಪುರೋಹಿತರು, ಅವರಿಗೆ ಇನ್ನೆರಡು ಮನೆಗೆ ಹೋಗಬೇಕಿತ್ತು. ನಮ್ಮಲ್ಲಿ ಹಬ್ಬಕ್ಕಾದರೆ ಆಂಬೊಡೆ, ತಿಥಿಗಾದರೆ ಉದ್ದಿನ ವಡೆ. ಆ ವಡೆಯ ಮೇಲೆ ನನಗೆ ಚಿಕ್ಕಂದಿನಿಂದ ಒಂಥರಾ ಆಸೆ. ತಿಥಿಯ ಅಡುಗೆ ಮಾರನೇ ದಿನಕ್ಕೆ ಉಳಿಸಿಕೊಳ್ಳಬಾರದು ಅಂತ ಗೊತ್ತಿದ್ದೂ ನಾಲ್ಕನ್ನು ಫಾಯಿಲಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಮೊಸರಿನ ಡಬ್ಬದ ಹಿಂದೆ ಬಚ್ಚಿಟ್ಟೆ. ಸೋಮವಾರ ಆಫೀಸಿನಲ್ಲಿ ಬಿಚ್ಚಿದಾಗ ಡೇವ್ ನೋಡಿ, "ಓಹೋ, ನೀವೂ ಡೋನಟ್ ಮಾಡ್ತೀರಾ?" ಅಂದ. ನಾನು ಮೊಟ್ಟೆ ಹಾಕಿದ ಡೋನಟ್ ತಿನ್ನೋದಿಲ್ಲ ಅಂತ ಅವನಿಗೆ ಗೊತ್ತಿತ್ತು, ಚೀಟಿಯ ಸಂಖ್ಯೆಯಲ್ಲಿ ನನ್ನದೇನು ಮಾಡೋದು ಅಂತ ಅವನಿಗೆ ಅದೊಂದು ಚಿಂತೆಯಾಗಿತ್ತು. ಎರಡು ವಡೆ ಕೊಟ್ಟೆ. ಮೆಣಸು ಕಡಿದು ಕಣ್ಣಲ್ಲಿ ನೀರು ಬಂದರೂ ಎರಡನ್ನೂ ತಿಂದು, "ಗೆದ್ದ ದಿನ ನಿನಗೆ ಇದೇ," ಅಂದ.

ಮನೆಯಲ್ಲಿ ಇದನ್ನು ಹೇಳಬಾರದಿತ್ತು, ಹೇಳಿದೆ. ಶೈಲಜಾ ಸೌಟು ಹಿಡಿದುಕೊಂಡೇ ನಿಂತಳು. "ತಿಥಿ ವಡೇನ ಹೊರಗಿನವರಿಗೆ ತಿನ್ನಿಸಿದ್ರಾ? ನಿಮಗೇನಾದ್ರೂ ಬುದ್ಧಿ ಇದೆಯಾ? ಪಾಪ, ಆ ಮನುಷ್ಯನಿಗೆ ಏನಾದ್ರೂ ಆದ್ರೆ?" ನಾನು ನಕ್ಕು, ಅವನ ಟೀಮು ವಡೆಗಿಂತ ಮುಂಚೆಯೇ ಸೋಲುತ್ತಿತ್ತು ಕಣೇ ಅಂದೆ.

ಡಿಸೆಂಬರ್ ಮೊದಲ ವಾರ ನಮ್ಮ ಡೈರೆಕ್ಟರ್ ನನ್ನನ್ನು ಕರೆದಳು. ನನ್ನ ಕೈಕೆಳಗೆ ಎಂಟು ಜನ. ಎಂಟೂ ಹೆಸರನ್ನು ಒಂದರ ಕೆಳಗೊಂದು ಬರೆದು ಶುಕ್ರವಾರದೊಳಗೆ ಕಳಿಸಬೇಕು, ಮೇಲಿನವು ಹೇಗಿದ್ದರೂ ಪರವಾಗಿಲ್ಲ, ಕೊನೆಯದನ್ನು ಸರಿಯಾಗಿ ನೋಡಿ ಬರಿ ಅಂದಳು. ನಾನು ಬರೆಯದಿದ್ದರೆ ಬೇರೆಯವರು ನನ್ನದೂ ಸೇರಿಸಿ ಒಂಬತ್ತು ಹೆಸರಿನ ಪಟ್ಟಿ ಬರೆಯುತ್ತಾರೆ ಅನ್ನೋದು ಅವಳು ಹೇಳದೆಯೂ ಅರ್ಥವಾಯಿತು. ನನ್ನ ಗ್ರೀನ್ ಕಾರ್ಡಿನ ಅರ್ಜಿ ಆಗ ಅರ್ಧ ದಾರಿಯಲ್ಲಿತ್ತು. ಮೂರು ರಾತ್ರಿ ನಿದ್ದೆ ಮಾಡದೆ ಯೋಚಿಸಿದೆ ಅಂತ ಹೇಳಿಕೊಳ್ಳೋಣ ಅನಿಸುತ್ತದೆ, ಆದರೆ ನಿದ್ದೆ ಚೆನ್ನಾಗಿಯೇ ಬಂತು. ಎಂಟರಲ್ಲಿ ಮೂವರು ವೀಸಾ ಮೇಲಿದ್ದವರು, ಕೆಲಸ ಹೋದರೆ ಮಕ್ಕಳನ್ನು ಸ್ಕೂಲು ಬಿಡಿಸಿಕೊಂಡು ವಿಮಾನ ಹತ್ತಬೇಕು. ಒಬ್ಬಳು ಬಸುರಿ. ಡೇವ್‌ಗೆ ಅವನದೇ ದೇಶ, ಹೆಂಡತಿಗೆ ಕೆಲಸವಿದೆ, ಹೇಗೂ ರಿಟೈರ್ ಆಗುವ ವಯಸ್ಸು ಹತ್ತಿರ. ಇವೆಲ್ಲ ನಾನು ಆಮೇಲೆ ಕೂತು ಜೋಡಿಸಿಕೊಂಡ ಕಾರಣಗಳು. ಎಂಟನೇ ಸಾಲಿನಲ್ಲಿ ಅವನ ಹೆಸರು ಟೈಪ್ ಮಾಡುವಾಗ ಮನಸ್ಸಿಗೆ ಬಂದದ್ದು ಒಂದೇ ಮಾತು, ಇವನಿಗೆ ಸೋತು ಅಭ್ಯಾಸವಿದೆ ಅಂತ. ಅಷ್ಟು ನೀಚ ಯೋಚನೆ ನನ್ನ ತಲೆಯಲ್ಲಿ ಅಷ್ಟು ಸಲೀಸಾಗಿ ಹುಟ್ಟಿತಲ್ಲ ಅಂತ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ಗುರುವಾರ ಅವನನ್ನು ಕೆಳಗೆ ಕರೆದರು. ಅವನೊಬ್ಬನನ್ನು ಮಾತ್ರ, ಯಾಕೋ ಏನೋ, ಸಾಮಾನು ತೆಗೆದುಕೊಳ್ಳೋದಕ್ಕೆ ಸೆಕ್ಯುರಿಟಿಯವನ ಜೊತೆ ಮೇಲೆ ಕಳಿಸಿದರು. ಅಪ್ಪನ ಫೋಟೋ, ಒಂದು ಮಗ್ಗು, ಟೀಮಿನ ಟೋಪಿ, ಎಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿಯಿತು. ಹಳದಿ ಚೀಟಿಯ ಮೇಲೆ ಆ ವಾರ ಹತ್ತೊಂಬತ್ತು ಇತ್ತು. ಅದನ್ನು ಹೊಡೆದು ಹದಿನೆಂಟು ಅಂತ ಬರೆದು, ಚೀಟಿ ಕಿತ್ತು ತಂದು ನನ್ನ ಮಾನಿಟರಿಗೆ ಅಂಟಿಸಿದ. "ನನ್ನದು ಕಳೆದಿದೀನಿ," ಅಂದ. ನನ್ನ ಬಾಯಿಂದ ಬಂದದ್ದು ಸಾರಿ ಅನ್ನೋ ಒಂದು ಪದ. ಅವನು ನನ್ನ ಹೆಗಲು ತಟ್ಟಿ, ಪ್ರತಿ ಸೋಮವಾರ ಹೇಳುವ ಅದೇ ಧಾಟಿಯಲ್ಲಿ, "ಈ ವರ್ಷ ಎಲ್ಲಾ ಹೀಗೇ ಮೂರ್ತಿ. ಮುಂದಿನ ವರ್ಷ ನೋಡೋಣ," ಅಂದ. ಆ ಸೀಸನ್ ನಮ್ಮ ಟೀಮು ಆಡಿದ ಅಷ್ಟೂ ಆಟ ಸೋತು ಮುಗಿಸಿತು, ಒಂದನ್ನೂ ಬಿಡಲಿಲ್ಲ.

ಮುಂದಿನ ವರ್ಷವೂ ಸೋಲಿನಿಂದಲೇ ಶುರುವಾಯಿತು. ಸೆಪ್ಟೆಂಬರಿನ ಕೊನೆಯ ಭಾನುವಾರ ಮಾತ್ರ ಏನಾಯಿತೋ, ಗೆದ್ದುಬಿಟ್ಟರು. ಆ ಆಟವನ್ನೂ ಟೀವಿಯಲ್ಲಿ ತೋರಿಸಲಿಲ್ಲ. ನಾನು ಗರಾಜಿನಲ್ಲಿ ಒಬ್ಬನೇ ರೇಡಿಯೋದಲ್ಲಿ ಕೇಳಿದೆ. ಸೋಮವಾರ ಬೆಳಿಗ್ಗೆ ರಿಸೆಪ್ಷನ್ನಿನಿಂದ ಫೋನು ಬಂತು, ಕೆಳಗೆ ಯಾರೋ ಬಂದಿದ್ದಾರೆ, ಬ್ಯಾಡ್ಜ್ ಇಲ್ಲ, ನಿಮ್ಮನ್ನು ಕೇಳುತ್ತಿದ್ದಾರೆ ಅಂತ. ನನಗೆ ಯಾರು ಅಂತ ಗೊತ್ತಾಗಿಬಿಟ್ಟಿತು. ಲಿಫ್ಟಿನಲ್ಲಿ ಇಳಿಯುತ್ತಾ, ಒಂಬತ್ತು ತಿಂಗಳಿಂದ ತಲೆಯಲ್ಲಿ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಮಾತನ್ನು ಇನ್ನೊಮ್ಮೆ ಹೇಳಿಕೊಂಡೆ. ಆ ಲಿಸ್ಟ್ ಬರೆದವನು ನಾನೇ ಡೇವ್. ಇಷ್ಟೇ ಹೇಳಿದರೆ ಸಾಕಿತ್ತು.

ಲಾಬಿಯಲ್ಲಿ ಡೇವ್ ಹಾರ್ಡ್‌ವೇರ್ ಅಂಗಡಿಯ ಏಪ್ರನ್ ಹಾಕಿಕೊಂಡು ನಿಂತಿದ್ದ. ಹತ್ತು ಗಂಟೆಗೆ ಅವನ ಶಿಫ್ಟು. ಸ್ವಲ್ಪ ಸೊರಗಿದ್ದ, ಮುಖದಲ್ಲಿ ಮಾತ್ರ ಮದುವೆ ಮನೆಯ ಕಳೆ. ಕೈಯಲ್ಲಿ ಎರಡು ಡಬ್ಬ. "ನಿನ್ನದು ಬಿಟ್ಟು ಹದಿನೇಳಿದೆ. ಲೆಕ್ಕ ಸರಿ ತಾನೆ?" ಅಂದ. ಮೇಲೆ ಆಗ ನಾವು ಉಳಿದಿದ್ದದ್ದು ಒಂಬತ್ತು ಜನ. ನಾನು ಸರಿ ಅಂದೆ. ಆಮೇಲೆ ಅವನು ಏಪ್ರನ್ನಿನ ಜೇಬಿನಿಂದ ಫಾಯಿಲಿನ ಒಂದು ಪೊಟ್ಟಣ ತೆಗೆದ. "ಇದು ನಿನ್ನದು. ನಿನ್ನೆ ಆಟ ಮುಗಿದ ತಕ್ಷಣ ಕ್ಯಾಂಟನ್ನಿನ ನಿಮ್ಮ ಇಂಡಿಯನ್ ಅಂಗಡಿಗೆ ಡ್ರೈವ್ ಮಾಡಿಕೊಂಡು ಹೋದೆ. ಹೆಸರು ಗೊತ್ತಿರಲಿಲ್ಲ, ಬೆರಳಲ್ಲಿ ತೂತಿನ ಆಕಾರ ಮಾಡಿ ತೋರಿಸಿದೆ. ಮೊಟ್ಟೆ ಇಲ್ಲ, ಎರಡು ಸಲ ಕೇಳಿದೀನಿ." ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಕೊನೆಯ ನಿಮಿಷದಲ್ಲಿ ನಮ್ಮವರು ಎದುರಿನವರನ್ನು ಹೇಗೆ ತಡೆದರು ಅಂತ ಕೈಕಾಲು ಆಡಿಸಿ ವರ್ಣಿಸೋಕೆ ಶುರುಮಾಡಿದ. ಅಪ್ಪನ ಫೋಟೋವನ್ನು ರೇಡಿಯೋದ ಪಕ್ಕ ಇಟ್ಟು ಕೇಳಿದನಂತೆ. ಅವನ ಕಣ್ಣು ತುಂಬಿಕೊಂಡಿತು, ಈ ಸಲ ಮೆಣಸಿನ ಕಾರಣಕ್ಕಲ್ಲ. ಗಡಿಯಾರ ನೋಡಿ, ಶಿಫ್ಟಿಗೆ ಹೊತ್ತಾಯಿತು, ಇನ್ನೊಂದು ಸಲ ಗೆದ್ದರೆ ಮತ್ತೆ ಬರುತ್ತೇನೆ ಅಂತ ಹೇಳಿ ಹೊರಟುಹೋದ. ಲಿಸ್ಟಿನ ಮಾತು ಹೇಳದೆಯೇ ನಾನು ಡಬ್ಬ ಹಿಡಿದುಕೊಂಡು ಲಿಫ್ಟ್ ಹತ್ತಿದೆ.

ಹದಿನೇಳು ಡೋನಟ್ಟನ್ನು ಎಂಟು ಜನ ತಲೆಗೆರಡರಂತೆ ತಿಂದರು, ಒಂದು ಉಳಿಯಿತು, ಅದನ್ನು ಯಾರೂ ಮುಟ್ಟಲಿಲ್ಲ. ನಾನು ಕ್ಯೂಬಿಕಲ್ಲಿನಲ್ಲಿ ಕೂತು ಪೊಟ್ಟಣ ಬಿಚ್ಚಿದೆ. ಉದ್ದಿನ ವಡೆ, ನಾಲ್ಕು. ರಾತ್ರಿಯಿಡೀ ಇದ್ದು ಗಟ್ಟಿಯಾಗಿದ್ದವು. ಪಕ್ಕದ ಖಾಲಿ ಕ್ಯೂಬಿಕಲ್ ನೋಡಿಕೊಂಡು ನಾಲ್ಕನ್ನೂ ತಿಂದೆ, ಬಿಡೋಕೆ ಮನಸ್ಸಾಗಲಿಲ್ಲ. ಸಂಜೆ ಶೈಲಜಾಗೆ ಹೇಳಿದೆ, ಡೇವ್ ಬಂದಿದ್ದ, ನನಗೆ ಅಂತ ವಡೆ ತಂದಿದ್ದ ಅಂತ. "ಎಂಥ ಒಳ್ಳೆ ಮನುಷ್ಯ ರೀ. ಅವರನ್ನ ಯಾವ ಪುಣ್ಯಾತ್ಮ ಕೆಲಸದಿಂದ ತೆಗೆಸಿದ್ನೋ," ಅಂದಳು. ನಾನು ಟೀವಿ ಹಾಕಿದೆ.

ಮುಂದಿನ ಭಾನುವಾರ ನಮ್ಮ ಟೀಮಿಗೆ ಶಿಕಾಗೋದಲ್ಲಿ ಆಟ. ಮಧ್ಯಾಹ್ನದಿಂದಲೇ ದೇವರ ಮನೆಯ ಕಡೆಗೆ ಎರಡು ಮೂರು ಸಲ ಹೋಗಿ ಬಂದೆ. ಸರಿಯಾಗಿ ಹೊಡೆಸಿಕೊಂಡು ಸೋತರು. ನಾಗರಾಜನ ಫೋನು ಬಂತು. "ಏನಪ್ಪಾ, ಒಂದೇ ವಾರಕ್ಕೆ ಮುಗೀತಾ ನಿಮ್ಮ ವೈಭವ?" ಅಂದ. "ಮುಗೀತು," ಅಂದೆ. ನನ್ನ ದನಿಯಲ್ಲಿ ಏನು ಕೇಳಿಸಿತೋ, ಅವನಿಗೆ ಅನುಮಾನ ಬಂತು. "ಯಾಕೋ, ಖುಷಿಯಾಗಿದೀಯಲ್ಲ?" ಅಂದ. ಅವನಿಗೆ ಏನಂತ ಹೇಳೋದು? ನಾಳೆ ಬೆಳಿಗ್ಗೆ ಡೇವ್ ಬಂದಿದ್ದಾನೆ ಅಂತ ರಿಸೆಪ್ಷನ್ನಿನಿಂದ ನನಗೆ ಫೋನು ಬರೋದಿಲ್ಲ. ಅಂದಿನಿಂದ ಪ್ರತಿ ಭಾನುವಾರ ಟೀಮಿನ ಟೋಪಿ ಹಾಕಿಕೊಂಡು, ರೇಡಿಯೋ ಮುಂದೆ ಕೂತು, ನಮ್ಮವರು ಸೋಲಲಿ ದೇವರೇ ಅಂತ ನಾನು ಬೇಡಿಕೊಳ್ಳುತ್ತೇನೆ. ಆ ವರ್ಷ ದೇವರು ಹೆಚ್ಚುಕಮ್ಮಿ ಎಲ್ಲ ವಾರವೂ ನಡೆಸಿಕೊಟ್ಟ.