ಒಳಗೆ ಎರಡು ಬೆರಳು ಬಟ್ಟೆ ಬಿಡುವ ಹೈಪೋಥಲಾಮಸ್ ಅವರಿಗೆ

...ಕ್ಷಮಿಸಿ, ಮತ್ತೆ ಮೊದಲಿಂದ ಶುರು ಮಾಡ್ತೀನಿ, ಯಾಕಂದ್ರೆ ಹೋದ ಸಲ ನಾನು ‘ಮಾನ್ಯರೇ’ ಅನ್ನೋಷ್ಟರಲ್ಲಿ ಹೊಟ್ಟೆ ಗುರ್ ಅಂತು, ಅದೂ ರೆಕಾರ್ಡ್ ಆಗೋಯ್ತು. ತಮ್ಮ ಮೇಲೆ ದೂರು ಹೇಳೋವಾಗ ತಮ್ಮ ಕಡೆಯವರೇ ಮಧ್ಯೆ ಬಾಯಿ ಹಾಕಿದ್ರೆ ಚೆನ್ನಾಗಿರಲ್ಲ.

ಮಾನ್ಯರೇ, ನನ್ನ ಮೆದುಳಿನ ತಳದಲ್ಲಿ ಬಾದಾಮಿಯಷ್ಟು ಜಾಗದಲ್ಲಿ ಕೂತು ಇಷ್ಟು ದೊಡ್ಡ ದೇಹದ ಹಸಿವು, ಬಿಸಿ, ದಣಿವು ಎಲ್ಲಾ ನೋಡ್ಕೊಳ್ತಿರೋ ಹೈಪೋಥಲಾಮಸ್ ಅವರೇ, ಐವತ್ತು ವರ್ಷದಿಂದ ತಮ್ಮ ಆಶ್ರಯದಲ್ಲಿ ದುಂಡಗಾಗಿರೋ ಈ ದರ್ಜಿಯ ನಮಸ್ಕಾರಗಳು. ಕೈಯಲ್ಲಿ ಕತ್ತರಿ ಇದೆ, ಅದಕ್ಕೇ ಫೋನಿಗೆ ಹೇಳ್ತಿದೀನಿ. ಮಗಳು ಇದನ್ನ ಬರೆದು ಅಂಗಡಿ ಬಾಗಿಲಿಗೆ ಅಂಟಿಸ್ತಾಳಂತೆ.

ವಿಷಯ ತಮಗೆ ಗೊತ್ತಿರೋದೇ. ನಮ್ಮಕ್ಕನ ಎರಡೂ ಕಿಡ್ನಿ ಕೈಕೊಟ್ಟಿವೆ, ನನ್ನದೊಂದು ಅವಳಿಗೆ ಹೊಂದುತ್ತೆ, ಆದ್ರೆ ಡಾಕ್ಟ್ರು ನನ್ನ ಹೊಟ್ಟೆ ನೋಡಿ, “ಮೊದಲು ಹತ್ತು ಕಿಲೋ ಇಳಿಸ್ಕೊಂಡು ಬನ್ನಿ ಯಜಮಾನ್ರೇ, ಆಮೇಲೆ ಆಪರೇಷನ್ ಮಾತು” ಅಂದ್ಬಿಟ್ರು. ಇಳಿಸಿದೆ ಸ್ವಾಮಿ, ಆರು ಕಿಲೋ ಇಳಿಸಿದೆ! ಆ ಖುಷಿಗೆ ನನ್ನ ಪ್ಯಾಂಟೆಲ್ಲ ಚಿಕ್ಕದು ಮಾಡಿ, ಒಳಗೆ ಉಳಿದಿದ್ದ ಬಟ್ಟೇನೂ ಕತ್ತರಿಸಿ ಎಸೆದೆ. ಗಿರಾಕಿ ನಾಳೆ ದಪ್ಪ ಆದ್ರೆ ಬಿಡಿಸಿ ಹೊಲಿಯೋಕಿರಲಿ ಅಂತ ಹೊಲಿಗೆ ಒಳಗೆ ಎರಡು ಬೆರಳು ಬಟ್ಟೆ ಬಿಡೋದು ನಮ್ಮ ಕಸುಬಿನ ಮೊದಲ ಪಾಠ. ಅದನ್ನ ನಾನು ಮರೆತೆ, ತಾವು ಮಾತ್ರ ಮರೀಲಿಲ್ಲ.

ಆಸ್ಪತ್ರೆಯ ಪಥ್ಯದ ಮೇಡಂ ಬಿಡಿಸಿ ಹೇಳಿದ್ರು: ಕೊಬ್ಬು ‘ದಾಸ್ತಾನು ಇದೆ’ ಅಂತ ತಮಗೆ ದಿನಾ ಸುದ್ದಿ ಕಳಿಸ್ತಿರುತ್ತೆ, ಕೊಬ್ಬು ಕರಗಿದ್ರೆ ಆ ಸುದ್ದಿ ಕಮ್ಮಿ ಆಗುತ್ತೆ, ಆಗ ತಾವು ಬರಗಾಲ ಬಂತು ಅಂದ್ಕೊಂಡು ಹಸಿವು ಏರಿಸಿ, ಖರ್ಚು ಇಳಿಸ್ತೀರಂತೆ. ಎಂಥಾ ಮುಂದಾಲೋಚನೆ! ಬೀದಿಯಲ್ಲಿ ಮೂರು ಬೇಕರಿ ಇರೋದು ನನ್ನ ಮೂಗಿಗೆ ಗೊತ್ತು, ತಮಗೆ ಗೊತ್ತಿಲ್ಲ. ಕಾಲು ತಣ್ಣಗಾಗುತ್ತೆ, ಮೆಷಿನ್ ಮುಂದೇನೇ ತೂಕಡಿಕೆ, ನಿನ್ನೆ ಅಂತೂ ಹೆಂಡತಿ, “ರೀ, ಗುಂಡಿ ಡಬ್ಬಿ ಯಾಕೆ ಹಾಗೆ ನೋಡ್ತಿದೀರಾ, ಅದು ಬಿಸ್ಕತ್ತಲ್ಲ” ಅಂತ ಡಬ್ಬೀನೇ ಕಿತ್ಕೊಂಡ್ಲು.

ಇಳಿಸೋವಾಗ ತಿಂದಷ್ಟೇ ತಿಂದು, ನಡೆದಷ್ಟೇ ನಡೆದ್ರೂ ಎರಡು ಕಿಲೋ ವಾಪಸ್ ಬಂತು. ಹೋದ ವಾರ ಆಸ್ಪತ್ರೆಯ ತೂಕದ ಯಂತ್ರಕ್ಕೆ ಕಾಲೆತ್ತಿಟ್ಟೆ, ಪ್ಯಾಂಟು ಹಿಂದೆ ಪರ್ ಅಂತ ಹರೀತು. ಬಿಡಿಸಿ ಹೊಲಿಯೋಣ ಅಂದ್ರೆ ಒಳಗೆ ಬಟ್ಟೆ ಎಲ್ಲಿದೆ? ನರ್ಸಮ್ಮ ಪಾಪ, “ಯಾರಾದ್ರೂ ಒಳ್ಳೆ ದರ್ಜಿಗೆ ತೋರ್ಸಿ ಅಣ್ಣಾ” ಅಂದ್ರು.

ತಮ್ಮ ಮೇಲೆ ಸಿಟ್ಟಿಲ್ಲ. ನಮ್ಮ ಮುತ್ತಾತನ ಮುತ್ತಾತ ಏನೂ ಸಿಗದ ಕಾಲದಲ್ಲಿ ಉಳ್ಕೊಂಡಿದ್ದು ತಮ್ಮ ಜಿಪುಣತನದಿಂದ್ಲೇ. ಆದ್ರೆ ಒಂದೇ ಒಂದು ಕೋರಿಕೆ: ಕುರ್ಚಿಯಿಂದ ಇಳಿದು, ನನ್ನ ಕಣ್ಣಿನ ತನಕ ಬಂದು, ಅಕ್ಕನ್ನ ಒಂದ್ಸಲ ನೋಡಿ. ಕಿಡ್ನಿ ತಡ್ಕೊಳಲ್ಲ ಅಂತ ಅಳತೆ ಲೋಟದಲ್ಲಿ ನೀರು ಕುಡಿಯೋಳು ಅವಳು, ಬರಗಾಲ ಇರೋದು ಅವಳ ಮನೇಲಿ. ಇನ್ನು ಆರು ಕಿಲೋ ಇಳಿಯೋ ತನಕ ತಾವು ಎಲ್ಲಾದ್ರೂ ರಜಕ್ಕೆ ಹೋಗ್ಬನ್ನಿ, ಮೈ ಬಿಸಿ, ದಣಿವು ಎಲ್ಲಾ ನಾನೇ ನೋಡ್ಕೊಳ್ತೀನಿ.

ಇಂತಿ, ತಾವು ಬಿಡೋವರೆಗೂ ತಮ್ಮ ವಿಶ್ವಾಸಿ,
ಮೂಲೆ ಅಂಗಡಿ ದರ್ಜಿ.

ತಾಜಾ ಕಲಂ: ಅಕ್ಕ ಸೊರಗಿದಾಳೆ ಅಂತ ಅವಳ ಬಟ್ಟೆ ಎರಡು ಸಲ ಚಿಕ್ಕದು ಮಾಡಿದೀನಿ. ಒಳಗಿನ ಬಟ್ಟೆ ಮಾತ್ರ ಒಂದೆಳೆನೂ ಕತ್ತರಿಸಿಲ್ಲ, ಅವಳು ಮತ್ತೆ ಮೈ ತುಂಬ್ಕೊಂಡಾಗ ಬೇಕಾಗುತ್ತೆ. ಕೂಡಿಡೋದು ಅಂದ್ರೆ ಇದು, ಬಿಡುವಾದಾಗ ಬಂದು ಕಲ್ತ್ಕೊಂಡು ಹೋಗಿ...

ತಾಳಿ, ಅಕ್ಕಂದೇ ಫೋನು. ಡಯಾಲಿಸಿಸ್ ಮುಗೀತು ಅನ್ಸುತ್ತೆ. ಮೊದಲ ಮಾತೇ “ಊಟ ಆಯ್ತೇನೋ?” ಅಂತಾಳೆ, ಆಯ್ತು ಅಂತೀನಿ. ದಯವಿಟ್ಟು ಆಗ ಮಾತ್ರ ಗುರ್ ಅನ್ಬೇಡಿ. ಇಡ್ತೀನಿ.