ಗವಿಯ ಮುಂದೆ ಕಟ್ಟಿದ ಕುದುರೆ

ಬರೆಯುವವರಿಗೆಲ್ಲ ಒಂದು ದುರಾಸೆ ಇರುತ್ತದೆ: ಓದಿದವರು ಬೆಚ್ಚಿ ಬೀಳಬೇಕು. ನನಗೂ ಇತ್ತು. ಕೊಂಡಾಪುರದ ಆಫೀಸಿನಲ್ಲಿ ಹಗಲೆಲ್ಲ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಸುತ್ತ ಎಲ್ಲಿ ನೋಡಿದರೂ ಹೊಸ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಕಂಪನಿಯ ಕ್ಯಾಬು ಆ ದಟ್ಟಣೆಯಲ್ಲಿ ತೆವಳಿ ಮಣಿಕೊಂಡದ ಮನೆ ಮುಟ್ಟುವಷ್ಟರಲ್ಲಿ ಒಂದು ಅಧ್ಯಾಯ ಆರಾಮಾಗಿ ಹೊಳೆಯುತ್ತಿತ್ತು. ಹೀಗೆ ಹುಟ್ಟಿದ್ದು ನನ್ನ ಮಹಾಕಾದಂಬರಿ. ರಾಜರು, ಮಂತ್ರವಾದಿಗಳು, ಹಾರುವ ಸರ್ಪ ಎಲ್ಲ ಉಂಟು, ಆದರೆ ಎಲ್ಲವೂ ತಿರುಗುಮುರುಗು. ಮಂತ್ರವಾದಿಯ ಗಡ್ಡ ಮೊಣಕಾಲಿನವರೆಗಿದೆ, ಮಂತ್ರ ಮಾತ್ರ ನೆನಪಿಲ್ಲ. ಕತ್ತಲ ರಾಜ ಬಹಳ ಸಂಭಾವಿತ; ಅವನ ರಾಜ್ಯದ ರಸ್ತೆಗಳಲ್ಲಿ ಒಂದೇ ಒಂದು ಗುಂಡಿಯಿಲ್ಲ. ಲೋಕವನ್ನು ಉಳಿಸಲೆಂದೇ ಹುಟ್ಟಿದ ವೀರನನ್ನು ಮೂರನೇ ಅಧ್ಯಾಯದಲ್ಲೇ ಸರ್ಪದ ಗವಿಯೊಳಗೆ ಕಾಲು ಜಾರಿಸಿ ಕೊಂದುಹಾಕಿದ್ದೆ. ಅದನ್ನು ಬರೆದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕಾದಂಬರಿಯ ಮೊದಲ ಕೇಳುಗರು ನಮ್ಮ ಅತ್ತೆ. ನಾನು ಮೈಸೂರಿನವನು, ಹೆಂಡತಿ ಸವಿತಾ ಕಲಬುರಗಿಯವಳು. ಮಗಳ ಮನೆಗೆ ಬಂದ ಅತ್ತೆಗೆ ಈ ತೆಲುಗು ಊರಿನಲ್ಲಿ ಸಂಜೆ ಹೊತ್ತು ಹೋಗುತ್ತಿರಲಿಲ್ಲ. ಊರಲ್ಲಾದರೆ ಗುಡಿಯಲ್ಲಿ ಪುರಾಣ ಕೇಳುವ ರೂಢಿ. ಅಳಿಯ ಏನೋ ಬರೆಯುತ್ತಾನೆಂದು ತಿಳಿದು, ಅದನ್ನೇ ಓದಲು ಹೇಳಿದರು. ಇದು ಪುರಾಣವಲ್ಲ, ಶುದ್ಧ ಕಟ್ಟುಕತೆ ಎಂದು ವಿವರಿಸಿದೆ. ರಾಜ ಇದ್ದಾನಲ್ಲ, ಸರ್ಪ ಇದೆಯಲ್ಲ, ಇನ್ನೇನು ಬೇಕು ಎಂದರು. ಕೈಕಾಲು ತೊಳೆದು, ದೀಪ ಹಚ್ಚಿ, ಕಂಪನಿಯ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಕುಂಕುಮವಿಟ್ಟು, ಕೈಮುಗಿದು ಕೂತರು. ಮರುದಿನ ಆಫೀಸಿನ ಗೇಟಿನಲ್ಲಿ ಅದೇನೆಂದು ಕೇಳಿದಾಗ ಆಯುಧಪೂಜೆ ಎಂದುಬಿಟ್ಟೆ. ಆಗ ಆಷಾಢ ನಡೆಯುತ್ತಿತ್ತು.

ಶನಿವಾರ ಸಂಜೆ ಮೂರನೇ ಅಧ್ಯಾಯ ಬಂತು. ವೀರ ಸತ್ತ. ಲ್ಯಾಪ್‌ಟಾಪ್ ಮುಚ್ಚಿ, ಅತ್ತೆ ಬೆಚ್ಚಿ ಬಿದ್ದರೇ ಎಂದು ಓರೆಗಣ್ಣಿನಲ್ಲಿ ನೋಡಿದೆ. ಅವರು ಕೂತಲ್ಲಿಂದ ಏಳಲೇ ಇಲ್ಲ. ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದ ಸವಿತಾ ಹೇಳಿದ ಮೇಲೆ ಗೊತ್ತಾಯಿತು: ಅವರಲ್ಲಿ ಪುರಾಣವನ್ನು ಸಾವು, ಸಂಕಟ ಇರುವಲ್ಲಿ ನಿಲ್ಲಿಸುವಂತಿಲ್ಲ. ಏನಾದರೊಂದು ಶುಭ ಬರುವವರೆಗೆ ಓದಿ, ಮಂಗಳಾರತಿಯಾಗಿ, ಆಮೇಲೆ ಊಟ. ಅತ್ತೆ ಅಷ್ಟರಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಯಾಗಿತ್ತು.

"ಗುಳಗಿ ತೊಗೊಂಡು ಅರ್ಧಾ ತಾಸಾತ್ರಿ," ಎಂದಳು ಸವಿತಾ. "ಉಣಲಿಲ್ಲಂದ್ರ ಅವ್ವಗ ಚಕ್ಕರ್ ಬರ್ತೈತಿ. ಏನರೆ ಛಲೋದು ಓದಿ ಮುಗಸ್ರಿ."

ಓದುವುದೇನು, ಮುಂದಿನದನ್ನು ಬರೆದೇ ಇರಲಿಲ್ಲ. ಲ್ಯಾಪ್‌ಟಾಪ್ ಮತ್ತೆ ತೆರೆದು, ಖಾಲಿ ಪರದೆ ನೋಡುತ್ತ ಬಾಯಿಗೆ ಬಂದದ್ದನ್ನು ಓದತೊಡಗಿದೆ. ಮಳೆ ಸುರಿಸಿದೆ. ಅತ್ತೆ ಏಳಲಿಲ್ಲ. ಕತ್ತಲ ರಾಜನ ಮಗಳಿಗೆ ಮದುವೆ ಮಾಡಿಸಿ ಬೀಗರೂಟವನ್ನೂ ಬಡಿಸಿದೆ. ಮುಗಿದ ಕೈ ಹಾಗೆಯೇ ಇತ್ತು. ಹಣೆಯ ಮೇಲೆ ಬೆವರು ಕಾಣಿಸಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಸಾಹಿತ್ಯ ಹಾಳಾಗಲಿ ಎಂದುಕೊಂಡು, ನನ್ನ ಹೆಮ್ಮೆಯ ಸಾವನ್ನೇ ರದ್ದು ಮಾಡಿ ವೀರನನ್ನು ಎಬ್ಬಿಸಿ ಕೂರಿಸಿದೆ. ಅತ್ತೆ ಆಗಲೂ ಕದಲಲಿಲ್ಲ.

"ಅವ ಇದ್ದರ ಇರ್ಲಿ, ಸತ್ತರ ಸಾಯ್ಲಿ ಬಿಡ್ರಿ ಅಳಿಯಂದ್ರ, ಅದು ಅವನ ಹಣೇಬರಾ," ಎಂದರು ಕೊನೆಗೆ. "ಕುದುರಿ ಗವಿ ಮುಂದ ಇನ್ನೂ ಕಟ್ಟಿದಲ್ಲೇ ಐತಲ್ರಿ. ಮುಂಜಾನಿಂದ ನೀರ ಕುಡಿದಿಲ್ಲ ಅದು. ನಾ ಹ್ಯಾಂಗ ಉಣ್ಣಲಿ?"

ವೀರ ಗವಿಗೆ ನುಗ್ಗುವ ಮೊದಲು ಅದನ್ನೊಂದು ಹುಣಿಸೆಮರಕ್ಕೆ ಕಟ್ಟಿದ್ದ. ಒಂದೇ ಸಾಲು. ಅಂದಕ್ಕೆಂದು ಬರೆದವನೂ ನಾನೇ, ಮರೆತವನೂ ನಾನೇ, ತಪ್ಪು ಹುಡುಕಿಯೇ ಹೊಟ್ಟೆ ಹೊರೆಯುವ ನಾನು! ತಡಬಡಿಸಿ ಹಗ್ಗ ಹರಿಸಿದೆ, ಕುದುರೆಯನ್ನು ಹೊಳೆಗಿಳಿಸಿ ಹೊಟ್ಟೆ ತುಂಬ ನೀರು ಕುಡಿಸಿದೆ, ಹಸಿರು ಹುಲ್ಲಿನಲ್ಲಿ ಮೇಯಲು ಬಿಟ್ಟೆ. ಅತ್ತೆ ಕರ್ಪೂರ ಬೆಳಗಿ, ಲ್ಯಾಪ್‌ಟಾಪಿಗೆ ನಮಸ್ಕರಿಸಿ, ಎದ್ದು ಹೋಗಿ ಬಿಸಿ ರೊಟ್ಟಿ ಉಂಡರು. ಅವರು ಉಣ್ಣುವುದನ್ನು ನೋಡುತ್ತ ನನ್ನ ಕಣ್ಣು ತುಂಬಿಬಂತು ಎಂದರೆ ನೀವು ನಗಬಾರದು.

ವೀರನನ್ನು ಮರುದಿನವೇ ಮತ್ತೆ ಕೊಂದೆ, ಯಾರ ಆಕ್ಷೇಪಣೆಯೂ ಬರಲಿಲ್ಲ. ಕುದುರೆ ಮಾತ್ರ ಅಂದಿನಿಂದ ಎಲ್ಲ ಅಧ್ಯಾಯಗಳಲ್ಲೂ ಓಡಾಡಿಕೊಂಡಿದೆ. ಈಗ ಅದೇ ಕಥಾನಾಯಕ. ವೀರನಿಲ್ಲದ ವೀರಗಾಥೆ ಬರೆದವನು ನಾನೇ ಎಂದು ಆಫೀಸಿನಲ್ಲಿ ಕೊಚ್ಚಿಕೊಳ್ಳುತ್ತೇನೆ. ಕ್ಯಾಬು ತಡವಾದ ಸಂಜೆ ಸವಿತಾಳ ಫೋನು ಬರುತ್ತದೆ. ಕುದುರೆಯ ಊಟ ಆಯಿತೇ ಎಂದು ಅವ್ವ ಕೇಳುತ್ತಿದ್ದಾಳಂತೆ. ಆಯಿತು ಎನ್ನುತ್ತೇನೆ. ಮಧ್ಯಾಹ್ನದಿಂದ ನಾನು ಬರೀ ಚಹಾದ ಮೇಲಿದ್ದೇನೆ. ಅದನ್ನು ಯಾರಾದರೂ ಕೇಳಬೇಕಾದರೆ, ನಾನೂ ಕಾದಂಬರಿಯೊಳಗೆ ಹೋಗಿ ಯಾವುದಾದರೂ ಮರಕ್ಕೆ ಕಟ್ಟಿಸಿಕೊಳ್ಳಬೇಕು.