ಅರವತ್ತೋ ನೂರಿಪ್ಪತ್ತೋ

"ನೀನು ಮಿಕ್ಸಿ ಮಾರಮ್ಮ. ಟಿವಿ ನಿನ್ನ ಕೈಲಿ ಆಗೋದಲ್ಲ" ಎಂದವರು ಶಿವಮೊಗ್ಗದ ಒಬ್ಬ ಸಗಟು ವ್ಯಾಪಾರಿ. ಹಾಗೆ ಅಂದರೂ ನನಗೆ ನೂರಿಪ್ಪತ್ತು ಹರ್ಟ್ಜ್ ಟಿವಿಗಳ ಡೀಲರ್‌ಶಿಪ್ ಕೊಟ್ಟರು, ಯಾಕೆಂದರೆ ಹೊಸನಗರದಲ್ಲಿ ಬೇರೆ ಯಾರೂ ಕೇಳಿರಲಿಲ್ಲ. ದೀಪಾವಳಿಯೊಳಗೆ ದೊಡ್ಡ ಪರದೆಯ ಆರ್ಡರ್ ಒಂದನ್ನು ತರದಿದ್ದರೆ ಸರಕೆಲ್ಲ ವಾಪಸ್, ಬೋರ್ಡೂ ವಾಪಸ್ ಎಂದು ಷರತ್ತು ಹಾಕಿದರು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಓದು ಅಂತ ಆದದ್ದೆಲ್ಲ ಆಮೇಲೆ, ಟಿವಿ ಪೆಟ್ಟಿಗೆಯೊಳಗೆ ಬರುವ ಕೈಪಿಡಿಗಳಿಂದ. ಅದರಲ್ಲಿ ದೊಡ್ಡಕ್ಷರದಲ್ಲಿರುವುದು ಮಾರುವುದಕ್ಕೆ, ಸಣ್ಣಕ್ಷರದಲ್ಲಿರುವುದು ಆಮೇಲೆ ಜಗಳಕ್ಕೆ ಅಂತ ಬೇಗ ಗೊತ್ತಾಯಿತು. ಅಂದಿನಿಂದ ನಾನು ಸಣ್ಣಕ್ಷರವನ್ನೇ ಮೊದಲು ಓದುತ್ತೇನೆ.

ನೂರಿಪ್ಪತ್ತು ಹರ್ಟ್ಜ್ ಎಂದರೆ ದೊಡ್ಡ ಮಂತ್ರವೇನಲ್ಲ. ಪರದೆ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವ ಲೆಕ್ಕ. ಸಾಮಾನ್ಯ ಟಿವಿ ಅರವತ್ತು ಸಲ, ಇದು ನೂರಿಪ್ಪತ್ತು ಸಲ. ಓಡುವ ಚೆಂಡು, ಓಡುವ ಅಕ್ಷರ ಇದರಲ್ಲಿ ಬಾಲ ಎಳೆಯದೆ ಓಡುತ್ತವೆ. ಆದರೆ ಇದು ಕಣ್ಣಿಗೆ ಥಟ್ಟನೆ ಕಾಣುವ ವಸ್ತುವಲ್ಲ. ಕಾಣದ ವಸ್ತುವನ್ನು ನಮ್ಮ ಕಡೆಯವರಿಗೆ ಮಾರಲು ಹೊರಟರೆ ಏನೇನಾಗಬೇಕೋ ಅದೆಲ್ಲ ಆಗುತ್ತಲೇ ಇರುತ್ತದೆ.

ಕರೆಂಟೇ ಐವತ್ತು

ಮೊದಲು ಬಂದವರು ಒಬ್ಬ ನಿವೃತ್ತ ಮೇಷ್ಟ್ರು. ಹಿಂದಿನ ವಾರವಷ್ಟೇ ಟಿವಿ ಒಯ್ದಿದ್ದರು. ಈಗ ಅದನ್ನು ಜೀಪಿನಲ್ಲಿ ಹಾಕಿಕೊಂಡು, ಹೆಂಡತಿಯನ್ನೂ ಕೂರಿಸಿಕೊಂಡು ಅಂಗಡಿ ಮುಂದೆ ಇಳಿದರು. ಅವರ ಮನೆಗೆ ಮೀಟರ್ ನೋಡಲು ಬಂದ ಲೈನ್‌ಮ್ಯಾನ್ ಟಿವಿ ಪೆಟ್ಟಿಗೆಯ ಮೇಲಿನ ಅಂಕಿ ಓದಿ ನಕ್ಕನಂತೆ. ನಮ್ಮ ತಂತಿಯಲ್ಲಿ ಬರುವ ಕರೆಂಟೇ ಐವತ್ತು ಹರ್ಟ್ಜ್, ಇಡೀ ದೇಶಕ್ಕೇ ಐವತ್ತು, ಅದರಲ್ಲಿ ಆ ಹೆಂಗಸು ನೂರಿಪ್ಪತ್ತನ್ನು ಎಲ್ಲಿಂದ ತೆಗೆದು ಕೊಡ್ತಾಳೆ ಎಂದು ಕೇಳಿದನಂತೆ.

ಲೈನ್‌ಮ್ಯಾನ್ ಹೇಳಿದ್ದು ಸುಳ್ಳಲ್ಲ. ಕರೆಂಟು ಐವತ್ತೇ. ಅದೇ ತೊಂದರೆ. ಪೂರ್ತಿ ಸುಳ್ಳಾಗಿದ್ದರೆ ಸುಲಭವಾಗಿ ಹೊಡೆದು ಹಾಕಬಹುದಿತ್ತು. ಒಂದು ಕಾಲು ನಿಜದ ಮೇಲೆ ನಿಂತ ಅನುಮಾನವನ್ನು ಬೀಳಿಸುವುದು ಕಷ್ಟ.

ನಾನು ಕೈಪಿಡಿ ತೆರೆಯಲಿಲ್ಲ. ತೆರೆದಿದ್ದರೆ ಅವರು ಮೇಷ್ಟ್ರು, ನನ್ನ ಉಚ್ಚಾರ ತಿದ್ದುತ್ತ ಕೂರುತ್ತಿದ್ದರು. "ಸಾರ್, ಕರೆಂಟು ಟಿವಿಯ ಊಟ. ಚಿತ್ರ ಅದರ ಕೆಲಸ. ನೀವು ದಿನಕ್ಕೆ ಎರಡು ಹೊತ್ತು ಉಣ್ತೀರಿ ಅಂತ ದಿನಕ್ಕೆ ಎರಡೇ ಮಾತು ಆಡ್ತೀರಾ?" ಎಂದೆ.

ಮೇಷ್ಟ್ರು ಯೋಚನೆಗೆ ಬಿದ್ದರು. ಜೀಪಿನಿಂದ ಇಳಿಯದೆ ಕೂತಿದ್ದ ಅವರ ಹೆಂಡತಿ ಅಲ್ಲಿಂದಲೇ ಹೇಳಿದರು: "ಅಷ್ಟೇ ಆಡಿದ್ದಿದ್ರೆ ನಮಗೆ ಟಿವಿಯೇ ಬೇಕಾಗ್ತಿರ್ಲಿಲ್ಲ."

ಬಣ್ಣ ಬಳಿದುಕೊಂಡ ಕೃಷ್ಣ

ಮೇಷ್ಟ್ರು ಟಿವಿಯನ್ನು ವಾಪಸ್ ಮನೆಗೆ ಒಯ್ದರು. ಲೈನ್‌ಮ್ಯಾನ್ ಮಾತು ಮಾತ್ರ ಅಷ್ಟರಲ್ಲಿ ಬಸ್ಸು ಹತ್ತಿತ್ತು. ಹೊಸನಗರದ ಅಕ್ಕ ಟಿವಿಯಲ್ಲಿ ಏನೋ ಮಾಡ್ತಾಳೆ ಅಂತ ಸಾಗರದ ಕಡೆ ಸುದ್ದಿಯಾಯಿತು. ಹೆಗ್ಗೋಡಿನ ಹತ್ತಿರದ ಒಂದು ಮನೆಯಿಂದ ಫೋನು ಬಂತು, ಟಿವಿ ಹಾಳಾಗಿದೆ, ಕೂಡಲೇ ಬರಬೇಕು ಅಂತ.

ಹೋಗಿ ನೋಡಿದರೆ ಟಿವಿ ಕನ್ನಡಿಯ ಹಾಗೆ ಇದೆ. ಮನೆಯ ಹಿರಿಯಮ್ಮ ಮಾತ್ರ ಕೃಷ್ಣನ ಸೀರಿಯಲ್ಲು ಓಡುತ್ತಿದ್ದ ಪರದೆಗೆ ಬೆನ್ನು ಹಾಕಿ ಕೂತಿದ್ದಾರೆ. ಆ ಊರಲ್ಲಿ ನಾಟಕ ನೋಡದವರಿಲ್ಲ. ಇವರಂತೂ ಚಿಕ್ಕಂದಿನಿಂದ ನೋಡಿದವರು, ವೇಷ ಯಾವುದು ದೇವರು ಯಾವುದು ಅಂತ ಬಲ್ಲವರು. ನನ್ನನ್ನು ಕಂಡ ಕೂಡಲೇ ವಿಚಾರಣೆ ಶುರು ಮಾಡಿದರು.

"ಎಂತ ಮಾಡಿದ್ದೆ ತಂಗಿ ಈ ಟೀವಿಗೆ? ಹಳೇದ್ರಲ್ಲಿ ಕೃಷ್ಣ ದೇವ್ರಾಗಿದ್ದ. ಇದ್ರಲ್ಲಿ ಯಾವ್ದೋ ಮಾಣಿ ಬಣ್ಣ ಬಳ್ಕಂಡು ನಿಂತಾಂಗೆ ಕಾಣ್ತು. ಕಿರೀಟ ರಟ್ಟಿಂದು ಹೇಳಿ ಗೊತ್ತಾಗ್ತು."

ನನಗೆ ಅರ್ಥವಾಯಿತು. ಇಂಥ ಟಿವಿಗಳಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ. ಸೀರಿಯಲ್ಲಿನವರು ಸೆಕೆಂಡಿಗೆ ಕಳಿಸುವುದು ಕಡಿಮೆ ಚಿತ್ರ, ಟಿವಿ ನಡುನಡುವೆ ತಾನೇ ಚಿತ್ರ ಹುಟ್ಟಿಸಿ ತುಂಬುತ್ತದೆ. ಆಗ ಎಲ್ಲವೂ ಅತಿ ನುಣ್ಣಗೆ ಓಡಿ, ದೇವಲೋಕವೂ ಪಕ್ಕದ ಮನೆಯ ಜಗುಲಿಯ ಹಾಗೆ ಕಾಣುತ್ತದೆ. ಕೈಪಿಡಿಯಲ್ಲಿ ಇದನ್ನು ಹೆಚ್ಚುಗಾರಿಕೆ ಅಂತ ದೊಡ್ಡಕ್ಷರದಲ್ಲಿ ಬರೆದಿದ್ದಾರೆ. ಅದನ್ನು ಆಫ್ ಮಾಡುವುದು ಹೇಗೆ ಅನ್ನುವುದು ಸಣ್ಣಕ್ಷರದಲ್ಲಿದೆ.

ಆಫ್ ಮಾಡಿದೆ. ಕೃಷ್ಣ ಮತ್ತೆ ದೇವರಾದ. ಹಿರಿಯಮ್ಮ ತಿರುಗಿ ಕೂತು ಕೈಮುಗಿದರು. ಮುಗಿದದ್ದು ಕೃಷ್ಣನಿಗೆ, ನನ್ನ ಕಡೆ ಮಾತ್ರ ಇನ್ನೂ ಓರೆಗಣ್ಣು. ಮೊದಲೇ ಯಾಕೆ ಹೀಗೆ ಕೊಡಲಿಲ್ಲ ಅಂತ ಅವರ ಪ್ರಶ್ನೆ.

ಹೊರಟಾಗ ಸೊಸೆ ಮೆಟ್ಟಿಲವರೆಗೆ ಬಂದು, ಒಳಗೆ ಕೇಳಿಸದ ಹಾಗೆ ವಿಚಾರಿಸಿದಳು. "ಅಕ್ಕಾ, ಸಂಜೆ ಸೀರಿಯಲ್ಲಿನ ಅತ್ತೆಗೆ ಮಾತ್ರ ಅದನ್ನ ವಾಪಸ್ ಹಾಕಲೆ ಬತ್ತಾ? ಅದೂ ಬರೀ ವೇಷ ಹೇಳಿ ನಮ್ಮತ್ತೆಗೆ ಗೊತ್ತಾಗ್ಲಿ. ಅವಳನ್ನ ನೋಡಿ ಇವ್ರೂ ಕಲೀತಾ ಇದ್ದ."

ಮೂಟೆಯ ತಳ

ಇಷ್ಟರಲ್ಲಿ ನಾನು ಕಾದಿದ್ದ ಆರ್ಡರಿನ ಸುದ್ದಿ ಬಂತು. ತೀರ್ಥಹಳ್ಳಿಯ ಕಡೆಯ ಒಂದು ಅಡಿಕೆ ಸಂಘದವರು ಹರಾಜು ಕಟ್ಟೆಗೆ ದೊಡ್ಡ ಪರದೆಗಳನ್ನು ಹಾಕಿಸುವವರಿದ್ದರು. ಅವರ ಹಳೆಯ ಪರದೆಯಲ್ಲಿ ಆ ದಿನದ ದರ ಕೆಳಗಡೆ ಸಾಲಾಗಿ ಓಡುತ್ತಿತ್ತು, ಓಡುವಾಗ ಅಂಕಿಗಳೆಲ್ಲ ಬಾಲ ಎಳೆದು ಒಂದರೊಳಗೊಂದು ಕಲಸುತ್ತಿದ್ದವು. ಮೂರು ಎಂಟಾಗುತ್ತಿತ್ತು, ಎಂಟು ಮೂರಾಗುತ್ತಿತ್ತು. ಸಂಘದವರು ಬೇಕಂತಲೇ ಕಲಸಿ ತೋರಿಸುತ್ತಾರೆ ಅಂತ ಬೆಳೆಗಾರರಿಗೆ ಗುಮಾನಿ. ಅದಕ್ಕೇ ಅವರಿಗೆ ನೂರಿಪ್ಪತ್ತೇ ಬೇಕು. ಸಗಟು ವ್ಯಾಪಾರಿಯ ಷರತ್ತು ತೀರಿಸಲು ನನಗೆ ಆ ಆರ್ಡರೇ ಬೇಕು. ಅದು ತಪ್ಪಿದರೆ ದೀಪಾವಳಿಗೆ ನನ್ನ ಅಂಗಡಿಯಲ್ಲಿ ಉಳಿಯುವುದು ಮಿಕ್ಸಿಗಳು.

ಆದರೆ ಸಂಘದವರು ನನ್ನ ಬಗ್ಗೆ ವಿಚಾರಿಸಿದ್ದು ಮೇಳಿಗೆಯ ಒಬ್ಬ ಅಡಿಕೆ ವ್ಯಾಪಾರಿಯ ಹತ್ತಿರ. ಆತ ನನ್ನಿಂದ ಟಿವಿ ಒಯ್ದಿದ್ದ ಗಿರಾಕಿ. ಒಯ್ದ ರೀತಿಯನ್ನೂ ಹೇಳಬೇಕು. ಅಡಿಕೆಯವರು ಮೂಟೆಯ ಬಾಯಿ ನೋಡಿ ದರ ಕಟ್ಟುವವರಲ್ಲ. ಮೇಲೆ ಒಳ್ಳೆಯದು, ತಳದಲ್ಲಿ ಕಸರು ಅಂತ ಅವರಿಗೆ ಗೊತ್ತು. ಹಾಗಾಗಿ ಅಂಗಡಿಯಲ್ಲಿ ಓಡುತ್ತಿದ್ದ ಟಿವಿಯನ್ನು ಆತ ಕಣ್ಣೆತ್ತಿ ನೋಡಲಿಲ್ಲ. ಗೋದಾಮಿಗೆ ಬಂದು, ಜೋಡಿಸಿಟ್ಟ ಪೆಟ್ಟಿಗೆಗಳಲ್ಲಿ ಎಲ್ಲಕ್ಕಿಂತ ಅಡಿಯದ್ದನ್ನೇ ಎಳೆಸಿದ. ಅದನ್ನೂ ಬುಡದ ಕಡೆಯಿಂದ ಬಿಚ್ಚಿಸಿದ.

ಅಂಥವನು ಸಂಘದಲ್ಲಿ ಹೇಳಿದ್ದೇನೆಂದರೆ, ನೂರಿಪ್ಪತ್ತು ಅಂತ ಕೊಟ್ಟಳು, ಮನೆಯಲ್ಲಿ ಅರವತ್ತೇ ಬರ್ತಿದೆ, ಒಣಗಿ ಅರ್ಧವಾಯಿತೋ ಏನೋ.

ಮರುದಿನವೇ ಮೇಳಿಗೆಗೆ ಹೋದೆ. ಟಿವಿಗೆ ಗೇಮ್ ಆಡುವ ಪೆಟ್ಟಿಗೆ ಜೋಡಿಸಿದ್ದರು. ಅದು ರಜೆಗೆ ಬರುವ ಅಳಿಯನಿಗೆ ಅಂತ ಆತ ಹೇಳಿದ. ಪರದೆಯ ಮೇಲೆ ಕಾರು ಓಡಿಸಿ ಗೆದ್ದವರ ಹೆಸರಿನಲ್ಲಿ ಮಾತ್ರ ಮೊದಲನೆಯದು ಈತನದೇ ಇತ್ತು, ಎರಡನೆಯದೂ ಈತನದೇ. ನಾನು ನೋಡಿಯೂ ನೋಡದವಳಂತಿದ್ದೆ. ರಿಮೋಟಿನ ಒಂದು ಗುಂಡಿ ಒತ್ತಿದರೆ ಎಷ್ಟು ಹರ್ಟ್ಜ್ ಅಂತ ಪರದೆಯ ಮೂಲೆಯಲ್ಲಿ ಮೂಡುತ್ತದೆ. ಒತ್ತಿದೆ. ಅರವತ್ತು. ಟಿವಿಯ ಹಿಂದೆ ಕೈ ಹಾಕಿದೆ. ನೂರಿಪ್ಪತ್ತಕ್ಕೆ ಅಂತಲೇ ಗುರುತು ಹಾಕಿದ ತೂತು ಖಾಲಿ ಇತ್ತು. ಗೇಮ್ ಪೆಟ್ಟಿಗೆಯ ವೈರು ಪಕ್ಕದ ತೂತಿನಲ್ಲಿತ್ತು. ಆ ವೈರಾದರೂ ನಾನು ಕೊಟ್ಟದ್ದಲ್ಲ, ಯಾವುದೋ ಹಳೆಯ ಸೆಟ್‌ಟಾಪ್ ಬಾಕ್ಸಿನದು. ಅದರಲ್ಲಿ ನೂರಿಪ್ಪತ್ತು ನುಗ್ಗುವುದೇ ಇಲ್ಲ.

"ನಾನು ಕೊಟ್ಟ ವೈರ್ ಎಲ್ಲಿ?" ಎಂದೆ.

"ಅದರ ಪ್ಯಾಕೆಟ್ ಒಡೆದಿತ್ತು, ಹಾಕಲಿಲ್ಲ" ಎಂದ.

ಒಡೆದದ್ದು ನಾನೇ. ನನ್ನ ಅಂಗಡಿಯಿಂದ ಹೊರಗೆ ಹೋಗುವ ಪ್ರತಿ ವೈರನ್ನೂ ನಾನೇ ಹಾಕಿ ನೋಡಿ ಕೊಡುತ್ತೇನೆ, ಕಂಪನಿಯವರ ಮೇಲೆ ನನಗೆ ನಂಬಿಕೆ ಇಲ್ಲ. ಅದನ್ನು ಹೇಳಿ, ವೈರನ್ನು ಎಸೆದಿರಾ ಅಂತ ಕೇಳಿದೆ.

ಆತ ಎದ್ದು ಬೀರುವಿನ ಬೀಗ ತೆಗೆದ. ಒಳಗಿನ ಖಾನೆಯ ಬೀಗವನ್ನೂ ತೆಗೆದ. ಹೆಂಡತಿಯ ಒಡವೆಯ ಪೆಟ್ಟಿಗೆಯ ಪಕ್ಕದಿಂದ, ಬಟ್ಟೆಯಲ್ಲಿ ಸುತ್ತಿದ ನನ್ನ ವೈರನ್ನು ಹೊರಗೆ ತೆಗೆದ.

"ಎಸಿಯೋದು ಎಂತಕ್ಕೆ? ನಿಮ್ಮ ಮೇಲೆ ಕೇಸು ಹಾಕಿದ್ರೆ ಸಾಕ್ಷಿಗೆ ಬೇಕಲ್ಲ."

ಎರಡನೇ ನಂಬರಿನ ಪರದೆ

ಆ ವೈರು ಹಾಕಿದ ಮೇಲೆ ಮೇಳಿಗೆಯ ಟಿವಿ ನೂರಿಪ್ಪತ್ತು ತೋರಿಸಿತು. ಆತ ಸಂಘಕ್ಕೆ ಹೋಗಿ ಟಿವಿ ಸರಿ ಇದೆ ಎಂದನಂತೆ. ಆದರೆ ಅನುಮಾನ ಒಮ್ಮೆ ಕೂತರೆ ಏಳಬೇಕಲ್ಲ. ಅಷ್ಟು ಬೇಗ ಮಾತು ಬದಲಿಸಿದ್ದು ಯಾಕೆ ಅಂತ ಸಂಘದವರಿಗೆ ಈಗ ಅವನ ಮೇಲೂ ಅನುಮಾನ. ಕೊನೆಗೆ, ಯಾರ ಮಾತೂ ಬೇಡ, ಕಮಿಟಿಯ ಎದುರು ಪರೀಕ್ಷೆ ಆಗಲಿ ಅಂತ ಹೇಳಿಕಳಿಸಿದರು. ವ್ಯತ್ಯಾಸ ಕಣ್ಣಿಗೆ ಕಂಡರೆ ಆರ್ಡರು, ಕಾಣದಿದ್ದರೆ ಇಲ್ಲ.

ದೀಪಾವಳಿಗೆ ಹೆಚ್ಚು ದಿನ ಇರಲಿಲ್ಲ. ಒಂದೇ ಕಂಪನಿಯ, ಒಂದೇ ಅಳತೆಯ ಎರಡು ಟಿವಿ, ಎರಡು ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. ಅವರ ಗೋಡೆಯೊಳಗೆ ಹಳೆಯ ವೈರು ಹುದುಗಿತ್ತು. ಅದನ್ನು ಮುಟ್ಟದೆ ನನ್ನದೇ ವೈರು ಎಳೆದೆ. ಒಂದು ಟಿವಿಯನ್ನು ಅರವತ್ತಕ್ಕೆ ಇಟ್ಟೆ, ಇನ್ನೊಂದನ್ನು ನೂರಿಪ್ಪತ್ತಕ್ಕೆ. ಎರಡರಲ್ಲೂ ಒಂದೇ ದರಪಟ್ಟಿ ಓಡಲು ಬಿಟ್ಟೆ.

ಪರೀಕ್ಷೆಯನ್ನು ಅವರು ತಮ್ಮ ಪದ್ಧತಿಯಲ್ಲೇ ಮಾಡಿದರು. ಅಲ್ಲಿ ಅಡಿಕೆ ರಾಶಿಗಳಿಗೆ ನಂಬರಿನ ಚೀಟಿ ಇಡುತ್ತಾರೆ. ವ್ಯಾಪಾರಿಗಳು ರಾಶಿ ನೋಡಿ, ಒಬ್ಬರ ಬರಹ ಇನ್ನೊಬ್ಬರಿಗೆ ಕಾಣದ ಹಾಗೆ ಕೈ ಅಡ್ಡ ಹಿಡಿದು ದರ ಬರೆದು ಡಬ್ಬಿಗೆ ಹಾಕುತ್ತಾರೆ. ಟಿವಿಗಳಿಗೂ ಹಾಗೇ ಕಾಗದ ಅಂಟಿಸಿದರು. ಅರವತ್ತರದ್ದು ಒಂದನೇ ನಂಬರು, ನೂರಿಪ್ಪತ್ತರದ್ದು ಎರಡನೇ ನಂಬರು. ಇದು ಗೊತ್ತಿದ್ದದ್ದು ನನಗೆ, ಅಧ್ಯಕ್ಷರಿಗೆ, ಕಾರ್ಯದರ್ಶಿಗೆ. ಅವರಿಬ್ಬರೂ ಚೀಟಿ ಬರೆಯುವಂತಿಲ್ಲ. ನಾನು ಕಣ್ಸನ್ನೆ ಮಾಡಬಹುದು ಅಂತ ನನ್ನನ್ನು ಹೊರಗೆ ಕಳಿಸಿದರು. ಸದಸ್ಯರನ್ನೂ ಮೊದಲು ಚಹಾಕ್ಕೆ ಕಳಿಸಿ, ಆಮೇಲೆ ಒಳಗೆ ಕರೆದರು.

ಚೀಟಿ ಹಾಕಿ ಆದ ಮೇಲೆ ನನಗೆ ಕರೆ ಬಂತು. ಕಾರ್ಯದರ್ಶಿ ಡಬ್ಬಿ ತೆರೆದು ಓದಿದರು. ಎರಡು. ಎರಡು. ಎರಡು. ಎಲ್ಲ ಸದಸ್ಯರೂ ಅಂಕಿ ಸ್ಪಷ್ಟವಾಗಿ ಓಡುವುದು ಎರಡರಲ್ಲಿ ಅಂತಲೇ ಬರೆದಿದ್ದರು. ನಾನು ಉಸಿರು ಬಿಟ್ಟೆ. ಬಿಟ್ಟದ್ದು ಬೇಗ ಆಯಿತು.

"ಸ್ವಲ್ಪ ತಡೀರಿ" ಎಂದರು ಕಾರ್ಯದರ್ಶಿ. ಎರಡನ್ನೇ ಬರೀರಿ ಅಂತ ಈ ಹೆಂಗಸು ಸದಸ್ಯರಿಗೆ ಮೊದಲೇ ಹೇಳಿಟ್ಟಿರಬಹುದು ಅಂತ ಅವರಿಗೆ ಅನುಮಾನವಿತ್ತಂತೆ. ಹಾಗಾಗಿ ಎಲ್ಲರೂ ಚಹಾಕ್ಕೆ ಹೋದಾಗ ಒಳಗೆ ಬಂದು ನಂಬರಿನ ಕಾಗದಗಳನ್ನು ಅದಲುಬದಲು ಮಾಡಿದ್ದರಂತೆ. "ಈಗ ಎರಡನೇ ನಂಬರ್ ಇರೋದು ಅರವತ್ತರ ಮೇಲೆ. ಎಲ್ಲರೂ ಅರವತ್ತನ್ನೇ ಚೆನ್ನಾಗಿದೆ ಅಂದಿದ್ದೀರಿ. ಇಷ್ಟೇ ಇದರ ಬಂಡವಾಳ."

ಹೋಯಿತು ಆರ್ಡರು, ಹೋಯಿತು ಅಂಗಡಿ ಅಂದುಕೊಂಡೆ.

ಆಗ ಅಧ್ಯಕ್ಷರು ಕೆಮ್ಮಿದರು. "ಕಾಗದ ನಾನೂ ಬದಲಿಸಿದ್ದೆ ಮಾರಾಯ್ರೆ" ಎಂದರು. ಕಾರ್ಯದರ್ಶಿ ಯಾರಿಗಾದರೂ ಗುಟ್ಟು ಬಿಟ್ಟಿರಬಹುದು ಅಂತ ಅವರ ಅನುಮಾನ. ಕಾರ್ಯದರ್ಶಿ ಹೊರಗೆ ಹೋದ ಮೇಲೆ ಅವರೂ ಒಳಗೆ ಬಂದು ಅದಲುಬದಲು ಮಾಡಿದ್ದರು.

ಸಭೆಯಲ್ಲಿ ಎಲ್ಲರೂ ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ಒಮ್ಮೆ ಬದಲಾದರೆ ಉಲ್ಟಾ, ಎರಡು ಸಲ ಬದಲಾದರೆ ಮೊದಲಿದ್ದ ಹಾಗೇ. ಅಷ್ಟರಲ್ಲಿ ಖಜಾಂಚಿ ಎದ್ದು ನಿಂತರು. "ನಾನೂ ಬದಲಿಸೋಣ ಅಂತ ಬಂದಿದ್ದೆ. ಬಾಗಿಲ ಹತ್ರ ಬಂದಾಗ ಒಳಗೆ ಅಧ್ಯಕ್ಷರು ಇದ್ರು. ಹಾಗೇ ವಾಪಸ್ ಹೋದೆ."

ನಾನು ಇನ್ನು ಯಾರ ಅಪ್ಪಣೆಗೂ ಕಾಯಲಿಲ್ಲ. ರಿಮೋಟ್ ಎತ್ತಿ ಎರಡನೇ ನಂಬರಿನ ಪರದೆಗೆ ಹಿಡಿದು ಗುಂಡಿ ಒತ್ತಿದೆ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಮೂಡಿತು: ನೂರಿಪ್ಪತ್ತು. ಆ ಕೋಣೆಯಲ್ಲಿ ಯಾರ ಮೇಲೂ ಅನುಮಾನ ಪಡದೆ ತನ್ನ ಪಾಡಿಗೆ ಕೆಲಸ ಮಾಡಿದ್ದು ಅದೊಂದೇ.

ಅಧ್ಯಕ್ಷರು ಅಲ್ಲೇ ಆರ್ಡರಿಗೆ ಸಹಿ ಹಾಕಿದರು. ಪೆನ್ನು ಮುಚ್ಚುವ ಮೊದಲು ಕಾರ್ಯದರ್ಶಿಯ ಕಡೆ ಒಮ್ಮೆ ನೋಡಿ ನನಗೆ ಹೇಳಿದರು: "ಪರದೆ ಜೊತೆಗೆ ಒಂದು ಸಿಸಿ ಕ್ಯಾಮೆರಾನೂ ಹಾಕಿ ಅಕ್ಕ. ಈ ರೂಮಿಗೇ."

ಪರದೆಗಳು ದೀಪಾವಳಿಗೆ ಮೊದಲೇ ಏರಿದವು. ಕ್ಯಾಮೆರಾ ಇವತ್ತಿಗೂ ಡಬ್ಬದಲ್ಲಿದೆ. ಅದರ ಪಾಸ್‌ವರ್ಡ್ ಯಾರ ಹತ್ತಿರ ಇರಬೇಕು ಅನ್ನುವ ಬಗ್ಗೆ ಸಭೆ ನಡೆಯುತ್ತಿದೆ.

ಈಗ ನನಗೆ ಹೊಸನಗರದಲ್ಲಿ ಸ್ವಂತ ಕಟ್ಟಡದ ಅಂಗಡಿ ಇದೆ, ತೀರ್ಥಹಳ್ಳಿಯಲ್ಲಿ ಇನ್ನೊಂದಿದೆ, ನನ್ನ ಹೆಸರು ಬರೆಸಿದ ವ್ಯಾನಿದೆ. ಇದಕ್ಕೆಲ್ಲ ತೆತ್ತದ್ದು ಏನು ಅಂದರೆ, ನನ್ನ ತಂಗಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳ ಗೃಹಪ್ರವೇಶದ ದಿನ ಊಟಕ್ಕೆ ಕೂರುವ ಮೊದಲು, ಬೀಗರೆದುರಿಗೆ, ನಾನು ಅವಳ ಹೊಸ ಟಿವಿಯ ಹಿಂದೆ ಕೈ ಹಾಕಿ ನೋಡಿ, ನೂರಿಪ್ಪತ್ತಲ್ಲ, ಅರವತ್ತು ಅಂದುಬಿಟ್ಟಿದ್ದೆ.

ಅದು ಅರವತ್ತೇ ಆಗಿತ್ತು.